ಆಲೇಖದ ಹಿನ್ನೆಲೆಬಣ್ಣ: ಪರದೆಯಿಂದ ಪುಟದವರೆಗೆ

ಭಾಷೆ ಮತ್ತು ಸಾಹಿತ್ಯದ ಅಧ್ಯಯನದಲ್ಲಿ ಎಣಿಕೆಗೆ ತನ್ನದೇ ಆದ ಸ್ಥಾನವಿದೆ. ಶಾಸನಗಳಲ್ಲಿ ಒಂದು ಧ್ವನಿರೂಪ ಎಷ್ಟು ಸಲ ಬಂದಿದೆ, ಒಂದು ಕಾವ್ಯದಲ್ಲಿ ಯಾವ ಛಂದೋರೂಪ ಯಾವ ಪ್ರಮಾಣದಲ್ಲಿದೆ, ಒಂದು ಪ್ರದೇಶದ ಮಾತಿನಲ್ಲಿ ಯಾವ ಪ್ರತ್ಯಯ ಹೆಚ್ಚು ಬಳಕೆಯಾಗುತ್ತದೆ ಎಂಬಂತಹ ಪ್ರಶ್ನೆಗಳನ್ನು ಎತ್ತಿಕೊಂಡ ಸಂಶೋಧಕರು ತಮ್ಮ ಎಣಿಕೆಯನ್ನು ಕೋಷ್ಟಕವಾಗಿಯೋ ಆಲೇಖವಾಗಿಯೋ ಓದುಗರ ಮುಂದಿಡಬೇಕಾಗುತ್ತದೆ. ಆಲೇಖವನ್ನು ರಚಿಸಲು ವಿಜ್ಞಾನಿಗಳಿಗಾಗಿ ರೂಪುಗೊಂಡ ಗ್ನುಪ್ಲಾಟ್, ಮ್ಯಾಟ್‌ಲ್ಯಾಬ್, ಮ್ಯಾಟ್‌ಪ್ಲಾಟ್‌ಲಿಬ್, ಜಿಜಿಪ್ಲಾಟ್2 ಮೊದಲಾದ ತಂತ್ರಾಂಶಗಳು ದೊರೆಯುತ್ತವೆ. ಇವುಗಳ ಬಳಕೆಯಲ್ಲಿ ಅಲ್ಪವೆಂದು ತೋರುವ, ಆದರೆ ಆಧಾರವನ್ನೇ ಅಳಿಸಿಬಿಡಬಲ್ಲ ಒಂದು ಸಂಗತಿ ಹಿನ್ನೆಲೆಬಣ್ಣ. ಪರದೆಯ ಮೇಲೆ ಕಾಣುವ ಹಿನ್ನೆಲೆ ಮತ್ತು ಉಳಿಸಿದ ಚಿತ್ರಕಡತದ ಹಿನ್ನೆಲೆ ಒಂದೇ ಆಗಿರಬೇಕೆಂಬ ನಿಯಮವಿಲ್ಲ. ಈ ವ್ಯತ್ಯಾಸದ ಕಾರಣ, ಪರಿಣಾಮ ಮತ್ತು ಪರಿಹಾರಗಳನ್ನು ಪ್ರಸ್ತುತ ಲೇಖನದಲ್ಲಿ ವಿವೇಚಿಸಲಾಗಿದೆ.

ವಿವೇಚನೆಗೆ ಒಂದು ನಿದರ್ಶನವನ್ನು ಕಲ್ಪಿಸಿಕೊಳ್ಳಬಹುದು. ಹಳಗನ್ನಡದ ಪಕಾರವು ಕಾಲಕ್ರಮದಲ್ಲಿ ಹಕಾರವಾದುದು ಕನ್ನಡ ಭಾಷೆಯ ಚರಿತ್ರೆಯಲ್ಲಿ ಸುಪರಿಚಿತ. ‘ಪಾಲ್’ ‘ಹಾಲು’ ಆಯಿತು, ‘ಪುಲಿ’ ‘ಹುಲಿ’ಯಾಯಿತು. ಕಾಲ ನಿರ್ದಿಷ್ಟವಾಗಿರುವ ಶಾಸನಗಳನ್ನು ಆಧರಿಸಿ, ಎರಡು ಪ್ರದೇಶಗಳಲ್ಲಿ ಹಕಾರರೂಪಗಳ ಪ್ರಮಾಣ ಶತಮಾನದಿಂದ ಶತಮಾನಕ್ಕೆ ಹೇಗೆ ಏರಿತೆಂಬುದನ್ನು ಒಬ್ಬ ಸಂಶೋಧಕರು ಎರಡು ರೇಖೆಗಳಲ್ಲಿ ತೋರಿಸುತ್ತಾರೆ ಎಂದಿಟ್ಟುಕೊಳ್ಳೋಣ. ತರಗತಿಯಲ್ಲಿ ಪ್ರೊಜೆಕ್ಟರಿನ ಮೂಲಕ ತೋರಿಸುವ ಉದ್ದೇಶದಿಂದ ಹಿನ್ನೆಲೆಯನ್ನು ಕಪ್ಪಾಗಿಸಿ, ಅಕ್ಷಗಳನ್ನೂ ಅಕ್ಷರಗಳನ್ನೂ ಬಿಳಿಯಾಗಿಸಿ, ಒಂದು ಪ್ರದೇಶಕ್ಕೆ ಹಳದಿ ರೇಖೆಯನ್ನೂ ಮತ್ತೊಂದಕ್ಕೆ ತಿಳಿನೀಲಿ ರೇಖೆಯನ್ನೂ ಆರಿಸಲಾಗಿದೆ. ಪರದೆಯ ಮೇಲೆ ಎಲ್ಲವೂ ಸ್ಪಷ್ಟ. ಅದೇ ಆಲೇಖವನ್ನು ಲೇಖನಕ್ಕಾಗಿ ಚಿತ್ರಕಡತವಾಗಿ ಉಳಿಸಿದಾಗ ತಂತ್ರಾಂಶವು ಹಿನ್ನೆಲೆಯನ್ನು ತಾನಾಗಿಯೇ ಬಿಳಿಯಾಗಿಸಿದರೆ, ಬಿಳಿಯ ಅಕ್ಷಗಳು ಬಿಳಿಯಲ್ಲಿ ಕರಗುತ್ತವೆ. ಹಳದಿ ರೇಖೆ ಕಂಡೂ ಕಾಣದಂತಾಗುತ್ತದೆ. ಉಳಿಯುವುದು ಬಹುತೇಕ ಖಾಲಿ ಹಾಳೆ. ಯಾವ ಪ್ರದೇಶದಲ್ಲಿ ಬದಲಾವಣೆ ಮೊದಲಾಯಿತೆಂಬುದೇ ಲೇಖನದ ಪ್ರಶ್ನೆಯಾಗಿದ್ದರೆ, ಆ ಪ್ರಶ್ನೆಗೆ ನೀಡಿದ ಆಧಾರವೇ ಓದುಗರಿಗೆ ತಲುಪಲಿಲ್ಲ ಎಂದಾಗುತ್ತದೆ.

1. ಆಲೇಖದ ಎರಡು ಹಿನ್ನೆಲೆಗಳು

ಆಲೇಖಕ್ಕೆ ಒಂದೇ ಹಿನ್ನೆಲೆ ಇರುತ್ತದೆಂಬುದು ಸಾಮಾನ್ಯ ಗ್ರಹಿಕೆ. ವಾಸ್ತವವಾಗಿ ಎರಡು ಇರುತ್ತವೆ. ಅಕ್ಷಗಳ ಚೌಕಟ್ಟಿನೊಳಗೆ, ರೇಖೆಗಳೂ ಬಿಂದುಗಳೂ ಇರುವ ಕ್ಷೇತ್ರ ಒಂದು. ಶೀರ್ಷಿಕೆ, ಅಕ್ಷಗಳ ಹೆಸರು, ಅಂಕಿಗಳು ಇವೆಲ್ಲವನ್ನೂ ಒಳಗೊಂಡ ಇಡೀ ಚಿತ್ರದ ಹಾಳೆ ಮತ್ತೊಂದು. ಹಸ್ತಪ್ರತಿಯ ಗರಿಯಲ್ಲಿ ಬರೆಹವಿರುವ ಭಾಗಕ್ಕೂ ಸುತ್ತಲಿನ ಅಂಚಿಗೂ ಇರುವ ಭೇದದಂತೆ ಇದನ್ನು ಭಾವಿಸಬಹುದು.

ತಂತ್ರಾಂಶಗಳು ಈ ಎರಡನ್ನೂ ಬೇರೆಬೇರೆ ಹೆಸರಿನಿಂದ ಕರೆಯುತ್ತವೆ. ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ ಇಡೀ ಹಾಳೆಗೆ ‘ಫಿಗರ್’ ಎಂದೂ ಒಳಕ್ಷೇತ್ರಕ್ಕೆ ‘ಆಕ್ಸಿಸ್’ ಎಂದೂ ಹೆಸರು. ಎರಡಕ್ಕೂ ಪ್ರತ್ಯೇಕವಾದ ‘ಫೇಸ್‌ಕಲರ್’ ಇದೆ. ಜಿಜಿಪ್ಲಾಟ್2ರಲ್ಲಿ ಕ್ರಮವಾಗಿ ‘ಪ್ಲಾಟ್ ಬ್ಯಾಕ್‌ಗ್ರೌಂಡ್’ ಮತ್ತು ‘ಪ್ಯಾನೆಲ್ ಬ್ಯಾಕ್‌ಗ್ರೌಂಡ್’ ಎಂಬ ಹೆಸರುಗಳಿವೆ. ಒಂದನ್ನು ಬದಲಿಸಿ ಮತ್ತೊಂದನ್ನು ಮರೆತಾಗ, ಬಿಳಿಯ ಹಾಳೆಯ ನಡುವೆ ಬೂದುಬಣ್ಣದ ಚೌಕವೋ ಬೂದುಹಾಳೆಯ ನಡುವೆ ಬಿಳಿಯ ಚೌಕವೋ ಉಳಿದುಬಿಡುತ್ತದೆ. ಹಿನ್ನೆಲೆ ‘ಬದಲಾಗುತ್ತಿಲ್ಲ’ ಎಂಬ ದೂರಿನ ಹಿಂದೆ ಹೆಚ್ಚಿನ ಸಂದರ್ಭಗಳಲ್ಲಿ ಇರುವುದು ಈ ಭೇದದ ಅರಿವಿನ ಕೊರತೆಯೇ.

2. ಪರದೆಯ ಬಣ್ಣ, ಕಡತದ ಬಣ್ಣ

ಪರದೆಗೂ ಕಡತಕ್ಕೂ ಬೇರೆಬೇರೆ ಹಿನ್ನೆಲೆಯನ್ನು ನಿಗದಿಪಡಿಸುವ ಪದ್ಧತಿ ಆಕಸ್ಮಿಕವಾದುದಲ್ಲ. ಪರದೆಯು ಬೆಳಕನ್ನು ಸೂಸುತ್ತದೆ. ಕಾಗದವು ತನ್ನ ಮೇಲೆ ಬಿದ್ದ ಬೆಳಕನ್ನು ಹಿಂದಿರುಗಿಸುತ್ತದೆ. ಪರದೆಯಲ್ಲಿ ಕಪ್ಪು ಹಿನ್ನೆಲೆಗೆ ಪ್ರತ್ಯೇಕ ವೆಚ್ಚವಿಲ್ಲ. ಕಾಗದದಲ್ಲಿ ಅದಕ್ಕೆ ಪುಟದ ತುಂಬ ಶಾಯಿ ಬೇಕು. ಪರದೆಯ ಬಣ್ಣ ಏನೇ ಇರಲಿ, ಉಳಿಸುವಾಗ ಬಿಳಿಯೇ ಇರಲಿ ಎಂಬ ತೀರ್ಮಾನಕ್ಕೆ ತಂತ್ರಾಂಶಗಳ ರಚನಕಾರರು ಬಂದುದು ಮುದ್ರಣದ ಅನುಕೂಲವನ್ನು ನೋಡಿ.

ಮ್ಯಾಟ್‌ಪ್ಲಾಟ್‌ಲಿಬ್‌ನ ಚರಿತ್ರೆ ಇದಕ್ಕೆ ಒಳ್ಳೆಯ ನಿದರ್ಶನ. ಜಾನ್ ಹಂಟರ್ ಅವರು ರೂಪಿಸಿದ ಈ ತಂತ್ರಾಂಶ 2003ರಲ್ಲಿ ಬಳಕೆಗೆ ಬಂದಿತು. 2017ರಲ್ಲಿ ಹೊರಬಂದ 2.0 ಆವೃತ್ತಿಯವರೆಗೂ ಪರದೆಯ ಮೇಲೆ ಹಾಳೆಯ ಬಣ್ಣ ಬೂದು. ಉಳಿಸಿದ ಕಡತದಲ್ಲಿ ಬಿಳಿ. 2.0 ಆವೃತ್ತಿಯಲ್ಲಿ ಪರದೆಯ ಹಾಳೆಯೂ ಬಿಳಿಯಾಯಿತಾದರೂ ಮೂಲಸಮಸ್ಯೆ ಉಳಿಯಿತು: ಬಳಕೆದಾರರು ತಾವಾಗಿ ಬೇರೆ ಬಣ್ಣವನ್ನು ಆರಿಸಿದ್ದರೂ ‘ಸೇವ್‌ಫಿಗ್’ ಎಂಬ ಆದೇಶ ಅದನ್ನು ಕಡೆಗಣಿಸಿ ಬಿಳಿಯನ್ನೇ ತುಂಬುತ್ತಿತ್ತು. ಉಳಿಸುವ ಆದೇಶದೊಳಗೆ ಬಣ್ಣವನ್ನು ಮತ್ತೊಮ್ಮೆ ಹೇಳಬೇಕಾಗಿತ್ತು. 2020ರ 3.3 ಆವೃತ್ತಿಯಲ್ಲಿ ಈ ನಿಯಮ ಬದಲಾಗಿ, ಪ್ರತ್ಯೇಕವಾಗಿ ಹೇಳದಿದ್ದಲ್ಲಿ ಪರದೆಯ ಬಣ್ಣವೇ ಕಡತಕ್ಕೂ ಸಲ್ಲುವಂತಾಯಿತು. ಒಂದೇ ಆದೇಶಮಾಲೆ 2019ರ ಗಣಕದಲ್ಲಿ ಒಂದು ಚಿತ್ರವನ್ನೂ 2021ರ ಗಣಕದಲ್ಲಿ ಮತ್ತೊಂದು ಚಿತ್ರವನ್ನೂ ಕೊಡಬಹುದೆಂಬುದು ಇದರಿಂದ ತಿಳಿಯುತ್ತದೆ. ಸಹಸಂಶೋಧಕರಿಬ್ಬರು ಬೇರೆಬೇರೆ ಆವೃತ್ತಿಗಳನ್ನು ಬಳಸುವಾಗ ಈ ಅಂಶ ವಿಶೇಷವಾಗಿ ಗಮನಾರ್ಹ.

ಮ್ಯಾಟ್‌ಲ್ಯಾಬ್‌ನಲ್ಲಿ ಇದೇ ಕೆಲಸವನ್ನು ‘ಇನ್ವರ್ಟ್‌ಹಾರ್ಡ್‌ಕಾಪಿ’ ಎಂಬ ಗುಣ ನಿರ್ವಹಿಸುತ್ತದೆ. ಅದು ‘ಆನ್’ ಆಗಿದ್ದಾಗ ಉಳಿಸಿದ ಅಥವಾ ಮುದ್ರಿಸಿದ ಚಿತ್ರದ ಹಾಳೆ ಬಿಳಿಯಾಗುತ್ತದೆ; ‘ಆಫ್’ ಮಾಡಿದರೆ ಪರದೆಯ ಬಣ್ಣ ಉಳಿಯುತ್ತದೆ.

ಜಿಜಿಪ್ಲಾಟ್2ರ ನಿಲುವು ಭಿನ್ನವಾದುದು. ಹ್ಯಾಡ್ಲಿ ವಿಕ್‌ಹ್ಯಾಮ್ ಅವರು ರೂಪಿಸಿದ ಈ ತಂತ್ರಾಂಶ ‘ಆರ್’ ಭಾಷೆಯ ಬಳಕೆದಾರರಿಗೆ 2007ರಿಂದ ದೊರೆಯುತ್ತಿದೆ. ಇದರಲ್ಲಿ ಒಳಕ್ಷೇತ್ರ ತೆಳುಬೂದು, ಚೌಕುಳಿಗೆರೆಗಳು ಬಿಳಿ. ಮುದ್ರಿತ ಪುಟವನ್ನು ದೂರದಿಂದ ನೋಡಿದಾಗ ಅಕ್ಷರಗಳ ಸಾಲುಗಳು ಒಟ್ಟಾಗಿ ತೆಳುಬೂದಾಗಿ ಕಾಣುತ್ತವೆ. ಆಲೇಖವೂ ಅದೇ ಛಾಯೆಯಲ್ಲಿದ್ದರೆ ಬರೆಹದ ನಡುವೆ ಅದು ಎದ್ದು ನಿಲ್ಲದೆ ಹೊಂದಿಕೊಳ್ಳುತ್ತದೆ ಎಂಬುದು ಅವರು ನೀಡುವ ಸಮರ್ಥನೆ. ಇದಕ್ಕೆ ವಿರುದ್ಧವಾದ ನಿಲುವೂ ಇದೆ. ಎಡ್ವರ್ಡ್ ಟಫ್ಟಿ ಅವರು 1983ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಆಲೇಖಕ್ಕೆ ಬಳಸಿದ ಶಾಯಿಯ ಬಹುಭಾಗ ದತ್ತಾಂಶವನ್ನು ತೋರಿಸುವುದಕ್ಕೇ ವಿನಿಯೋಗವಾಗಬೇಕು ಎಂದು ಪ್ರತಿಪಾದಿಸಿದ್ದಾರೆ. ಆ ದೃಷ್ಟಿಯಿಂದ ಬೂದುಹಿನ್ನೆಲೆ ಏನನ್ನೂ ಹೇಳದ ಶಾಯಿ. ಎರಡು ವಾದಗಳಲ್ಲಿ ಯಾವುದು ಸರಿ ಎಂಬುದಕ್ಕಿಂತ, ಆ ಆಲೇಖ ಯಾವ ಮಾಧ್ಯಮದಲ್ಲಿ ಓದುಗರನ್ನು ತಲುಪುತ್ತದೆ ಎಂಬುದೇ ಇಲ್ಲಿ ನಿರ್ಣಾಯಕ.

3. ಗ್ನುಪ್ಲಾಟ್‌ನಲ್ಲಿ ಹಿನ್ನೆಲೆಯ ನಿರ್ಧಾರ

ಥಾಮಸ್ ವಿಲಿಯಮ್ಸ್ ಮತ್ತು ಕಾಲಿನ್ ಕೆಲ್ಲಿ ಅವರು 1986ರಲ್ಲಿ ಆರಂಭಿಸಿದ ಗ್ನುಪ್ಲಾಟ್ ಉಚಿತವಾಗಿ ದೊರೆಯುತ್ತದೆ. ಸಾಧಾರಣ ಗಣಕದಲ್ಲೂ ಕೆಲಸ ಮಾಡುತ್ತದೆ. ಅದರ ‘ಪಿಎನ್‌ಜಿಕೈರೊ’ ಎಂಬ ವಿಧಾನ ಅಕ್ಷರಜೋಡಣೆಗೆ ‘ಪ್ಯಾಂಗೊ’ ಎಂಬ ಘಟಕವನ್ನು ಅವಲಂಬಿಸಿರುವುದರಿಂದ, ಯೂನಿಕೋಡ್ ಕನ್ನಡದ ಒತ್ತಕ್ಷರಗಳು ಅಕ್ಷಗಳ ಹೆಸರುಗಳಲ್ಲಿ ಒಡೆಯದೆ ಮೂಡುತ್ತವೆ. ಕನ್ನಡ ಸಂಶೋಧಕರಿಗೆ ಇದು ದೊಡ್ಡ ಅನುಕೂಲ.

ಗ್ನುಪ್ಲಾಟ್‌ನಲ್ಲಿ ಆಲೇಖ ಹೊರಬರುವ ದ್ವಾರಕ್ಕೆ ‘ಟರ್ಮಿನಲ್’ ಎಂದು ಹೆಸರು. ಪರದೆಗೊಂದು ಟರ್ಮಿನಲ್, ಪಿಎನ್‌ಜಿ ಚಿತ್ರಕ್ಕೊಂದು, ಪಿಡಿಎಫ್‌ಗೊಂದು. ಹಿನ್ನೆಲೆಬಣ್ಣವು ಟರ್ಮಿನಲ್‌ನ ಗುಣವೇ ಹೊರತು ಆಲೇಖದ ಗುಣವಲ್ಲ. ಪರದೆಯ ಟರ್ಮಿನಲ್‌ಗೆ ಹೇಳಿದ ಬಣ್ಣ ಪಿಎನ್‌ಜಿ ಟರ್ಮಿನಲ್‌ಗೆ ತಿಳಿಯುವುದಿಲ್ಲ. ಆದುದರಿಂದ ಚಿತ್ರಕಡತವನ್ನು ಪಡೆಯುವಾಗ ‘ಸೆಟ್ ಟರ್ಮಿನಲ್ ಪಿಎನ್‌ಜಿಕೈರೊ’ ಎಂಬ ಆದೇಶದ ಸಾಲಿನಲ್ಲಿಯೇ ‘ಬ್ಯಾಕ್‌ಗ್ರೌಂಡ್’ ಎಂಬ ಪದವನ್ನೂ ಅದರ ಮುಂದೆ ಬಣ್ಣದ ಹೆಸರನ್ನೂ ಸೇರಿಸಬೇಕು. ಅನಂತರ ‘ಸೆಟ್ ಔಟ್‌ಪುಟ್’ ಆದೇಶದಿಂದ ಕಡತದ ಹೆಸರನ್ನು ಕೊಟ್ಟು, ಆಲೇಖವನ್ನು ಮತ್ತೆ ಬರೆಯಿಸಿ, ‘ಅನ್‌ಸೆಟ್ ಔಟ್‌ಪುಟ್’ ಆದೇಶದಿಂದ ಕಡತವನ್ನು ಮುಚ್ಚಬೇಕು. ಈ ಕೊನೆಯ ಹೆಜ್ಜೆಯನ್ನು ಮರೆತರೆ ಚಿತ್ರ ಅಪೂರ್ಣವಾಗಿ ಉಳಿಯಬಹುದು.

ಇಷ್ಟರಿಂದ ಬದಲಾಗುವುದು ಇಡೀ ಹಾಳೆ. ಒಳಕ್ಷೇತ್ರಕ್ಕೆ ಮಾತ್ರ ಬಣ್ಣ ಬೇಕಾದರೆ, ‘ಸೆಟ್ ಆಬ್ಜೆಕ್ಟ್’ ಆದೇಶದಿಂದ ಒಂದು ಆಯತವನ್ನು ಬರೆದು, ‘ಬಿಹೈಂಡ್’ ಎಂಬ ಪದದಿಂದ ಅದನ್ನು ರೇಖೆಗಳ ಹಿಂದಕ್ಕೆ ಸರಿಸಬೇಕು. ಆಯತದ ಮೂಲೆಗಳನ್ನು ‘ಗ್ರಾಫ್’ ಎಂಬ ನಿರ್ದೇಶಾಂಕ ಪದ್ಧತಿಯಲ್ಲಿ 0,0 ಮತ್ತು 1,1 ಎಂದು ಕೊಟ್ಟರೆ ಅದು ಅಕ್ಷಗಳ ಚೌಕಟ್ಟನ್ನು ಸರಿಯಾಗಿ ತುಂಬುತ್ತದೆ. ‘ಸ್ಕ್ರೀನ್’ ಪದ್ಧತಿಯಲ್ಲಿ ಕೊಟ್ಟರೆ ಇಡೀ ಹಾಳೆಯನ್ನು ತುಂಬುತ್ತದೆ.

ಇಲ್ಲಿ ಎಚ್ಚರ ವಹಿಸಬೇಕಾದ ಅಂಶವೊಂದಿದೆ. ಹಿನ್ನೆಲೆಯನ್ನು ಕಪ್ಪಾಗಿಸಿದ ಮಾತ್ರಕ್ಕೆ ಅಕ್ಷಗಳೂ ಅಕ್ಷರಗಳೂ ಬಿಳಿಯಾಗುವುದಿಲ್ಲ. ಚೌಕಟ್ಟಿನ ಗೆರೆ, ಅಂಕಿಗಳು, ಅಕ್ಷಗಳ ಹೆಸರು, ಶೀರ್ಷಿಕೆ, ರೇಖೆಗಳ ಸೂಚಿ ಇವುಗಳಲ್ಲಿ ಪ್ರತಿಯೊಂದಕ್ಕೂ ಬಣ್ಣವನ್ನು ಬೇರೆಯಾಗಿ ಹೇಳಬೇಕು. ಹಿನ್ನೆಲೆಯನ್ನು ಬದಲಿಸುವುದೆಂದರೆ ಅದರ ಮೇಲಿರುವ ಎಲ್ಲವನ್ನೂ ಮರುಪರಿಶೀಲಿಸುವುದು ಎಂದೇ ಅರ್ಥ.

4. ಸ್ಪಷ್ಟತೆಯ ಅಳತೆ

ಯಾವ ರೇಖೆ ಯಾವ ಹಿನ್ನೆಲೆಯಲ್ಲಿ ಕಾಣುತ್ತದೆ ಎಂಬುದನ್ನು ಕಣ್ಣಂದಾಜಿಗೆ ಬಿಡಬೇಕಾಗಿಲ್ಲ, ಅದನ್ನು ಅಳೆಯಬಹುದು. ಅಂತರಜಾಲದ ಮಾನದಂಡಗಳನ್ನು ರೂಪಿಸುವ ವರ್ಲ್ಡ್ ವೈಡ್ ವೆಬ್ ಕನ್ಸಾರ್ಟಿಯಂ 2008ರ ತನ್ನ ಮಾರ್ಗಸೂಚಿಯಲ್ಲಿ ಇದಕ್ಕೊಂದು ಸೂತ್ರವನ್ನು ನೀಡಿದೆ. ಪ್ರತಿ ಬಣ್ಣದ ಕೆಂಪು, ಹಸಿರು, ನೀಲಿ ಅಂಶಗಳಿಂದ ಅದರ ಸಾಪೇಕ್ಷ ಬೆಳಕನ್ನು ಲೆಕ್ಕ ಹಾಕಲಾಗುತ್ತದೆ. ಮನುಷ್ಯನ ಕಣ್ಣಿಗೆ ಹಸಿರು ಹೆಚ್ಚು ಪ್ರಕಾಶಮಾನವಾಗಿಯೂ ನೀಲಿ ಅತ್ಯಂತ ಮಂದವಾಗಿಯೂ ತೋರುವುದರಿಂದ ಹಸಿರಿಗೆ ಶೇ. 71.52, ಕೆಂಪಿಗೆ ಶೇ. 21.26, ನೀಲಿಗೆ ಶೇ. 7.22 ತೂಕ ಕೊಡಲಾಗಿದೆ. ಎರಡು ಬಣ್ಣಗಳ ಬೆಳಕಿಗೂ 0.05 ಕೂಡಿಸಿ, ಹೆಚ್ಚಿನದನ್ನು ಕಡಿಮೆಯದರಿಂದ ಭಾಗಿಸಿದರೆ ಅವುಗಳ ಅಂತರದ ಪ್ರಮಾಣ ದೊರೆಯುತ್ತದೆ. ಕನಿಷ್ಠ ಪ್ರಮಾಣ 1. ಕಪ್ಪು ಬಿಳುಪುಗಳ ನಡುವಿನ ಗರಿಷ್ಠ ಪ್ರಮಾಣ 21. ಸಾಮಾನ್ಯ ಗಾತ್ರದ ಅಕ್ಷರಗಳಿಗೆ 4.5 ಇರಬೇಕೆಂದು ಆ ಮಾರ್ಗಸೂಚಿ ಹೇಳುತ್ತದೆ. 2018ರ ಅದರ ಮುಂದಿನ ಆವೃತ್ತಿ, ಅರ್ಥಗ್ರಹಣಕ್ಕೆ ಅಗತ್ಯವಾದ ಚಿತ್ರಭಾಗಗಳಿಗೆ 3 ಇರಬೇಕೆನ್ನುತ್ತದೆ.

ಮೇಲಿನ ನಿದರ್ಶನಕ್ಕೆ ಈ ಸೂತ್ರವನ್ನು ಅನ್ವಯಿಸಿದರೆ ಚಿತ್ರ ಸ್ಪಷ್ಟವಾಗುತ್ತದೆ. ಅಚ್ಚ ಹಳದಿ ರೇಖೆಗೂ ಕಪ್ಪು ಹಿನ್ನೆಲೆಗೂ ಇರುವ ಪ್ರಮಾಣ ಸುಮಾರು 19.6, ಅದೇ ರೇಖೆಗೆ ಬಿಳಿಯ ಮೇಲೆ ಕೇವಲ 1.07. ಹಸಿರು ನೀಲಿಗಳನ್ನು ಪೂರ್ಣವಾಗಿ ಬೆರೆಸಿದ ತಿಳಿನೀಲಿಗೆ ಕಪ್ಪಿನ ಮೇಲೆ ಸುಮಾರು 16.7, ಬಿಳಿಯ ಮೇಲೆ 1.25. ಅಚ್ಚ ನೀಲಿಯ ಸ್ಥಿತಿ ಇದಕ್ಕೆ ತದ್ವಿರುದ್ಧ: ಬಿಳಿಯ ಮೇಲೆ 8.6, ಕಪ್ಪಿನ ಮೇಲೆ 2.4. ಕೆಂಪು ನಡುವಿನದು: ಬಿಳಿಯ ಮೇಲೆ 4, ಕಪ್ಪಿನ ಮೇಲೆ 5.25. ಆದರೆ ಜಿಜಿಪ್ಲಾಟ್2ರ ತೆಳುಬೂದಿನ ಮೇಲೆ ಕೆಂಪಿನ ಪ್ರಮಾಣ ಸುಮಾರು 3.4ಕ್ಕೆ ಇಳಿಯುತ್ತದೆ. ಹಿನ್ನೆಲೆಯನ್ನು ನಿರ್ಧರಿಸದೆ ರೇಖೆಯ ಬಣ್ಣವನ್ನು ಆರಿಸುವುದು ಸಾಧ್ಯವಿಲ್ಲ ಎಂಬುದು ಈ ಸಂಖ್ಯೆಗಳ ತಾತ್ಪರ್ಯ. ಈ ಸೂತ್ರ ಪರದೆಗಾಗಿ ರೂಪುಗೊಂಡುದು. ಕಾಗದಕ್ಕೆ ಅದನ್ನು ಸೂಚಕವಾಗಿ ಮಾತ್ರ ಸ್ವೀಕರಿಸಬೇಕು.

ಅಳತೆಗೆ ಸಿಗದ ಒಂದು ಸಂಗತಿಯೂ ಇದೆ. ಫ್ರಾನ್ಸಿನ ರಸಾಯನವಿಜ್ಞಾನಿ ಶೆವ್ರಲ್ ಅವರು 1839ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಅಕ್ಕಪಕ್ಕದ ಬಣ್ಣಗಳು ಒಂದು ಇನ್ನೊಂದರ ತೋರಿಕೆಯನ್ನು ಬದಲಿಸುತ್ತವೆ ಎಂಬುದನ್ನು ವಿಸ್ತಾರವಾಗಿ ವಿವರಿಸಿದರು. ಒಂದೇ ಬೂದುಛಾಯೆ ಕಪ್ಪಿನ ನಡುವೆ ತಿಳಿಯಾಗಿಯೂ ಬಿಳಿಯ ನಡುವೆ ಗಾಢವಾಗಿಯೂ ಕಾಣುತ್ತದೆ. ಉಪಭಾಷೆಗಳ ಭೂಪಟದಲ್ಲಿ ಛಾಯೆಗಳಿಂದ ಪ್ರಮಾಣವನ್ನು ಸೂಚಿಸುವಾಗ, ಭೂಪಟಕ್ಕೆ ಒಂದು ಹಿನ್ನೆಲೆ ಮತ್ತು ಅದರ ಸೂಚಿಗೆ ಇನ್ನೊಂದು ಹಿನ್ನೆಲೆ ಇದ್ದರೆ ಓದುಗರು ಛಾಯೆಯನ್ನು ತಪ್ಪಾಗಿ ಹೋಲಿಸುವ ಸಂಭವವಿದೆ. ಎರಡಕ್ಕೂ ಒಂದೇ ಹಿನ್ನೆಲೆ ಇರುವುದು ಅಗತ್ಯ.

5. ಪಾರದರ್ಶಕ ಹಿನ್ನೆಲೆ

ಹಿನ್ನೆಲೆಯೇ ಇಲ್ಲದ ಚಿತ್ರವನ್ನು ಉಳಿಸುವ ಅವಕಾಶವೂ ಇದೆ. 1996ರಲ್ಲಿ ನಿರ್ದಿಷ್ಟಗೊಂಡ ಪಿಎನ್‌ಜಿ ಮಾದರಿಯಲ್ಲಿ ಪ್ರತಿ ಬಿಂದುವಿಗೂ ಬಣ್ಣದ ಜೊತೆಗೆ ಪಾರದರ್ಶಕತೆಯ ಪ್ರಮಾಣವನ್ನೂ ದಾಖಲಿಸಬಹುದು. ಅಂತಹ ಚಿತ್ರವು ತಾನು ಕುಳಿತ ಪುಟದ ಬಣ್ಣವನ್ನೇ ತನ್ನ ಹಿನ್ನೆಲೆಯಾಗಿ ಪಡೆಯುತ್ತದೆ. ಇದು ಅನುಕೂಲವೂ ಹೌದು, ಅಪಾಯವೂ ಹೌದು. ಬಿಳಿಯ ಪುಟದಲ್ಲಿ ಸೊಗಸಾಗಿ ಕಾಣುವ ಕಪ್ಪು ಅಕ್ಷರಗಳು ಗಾಢನೀಲಿಯ ಸ್ಲೈಡಿನಲ್ಲಿ ಮುಳುಗಿಹೋಗುತ್ತವೆ. ಜೆಪಿಇಜಿ ಮಾದರಿಯಲ್ಲಿ ಪಾರದರ್ಶಕತೆಗೆ ಎಡೆಯಿಲ್ಲ. ಪಿಎನ್‌ಜಿಯನ್ನು ಜೆಪಿಇಜಿಗೆ ಪರಿವರ್ತಿಸುವಾಗ ಕೆಲವು ತಂತ್ರಾಂಶಗಳು ಬಿಳಿಯನ್ನೂ ಕೆಲವು ಕಪ್ಪನ್ನೂ ತುಂಬುತ್ತವೆ. ಲೇಖಕರ ಕೈದಾಟಿದ ಚಿತ್ರ ಯಾವ ಪರಿವರ್ತನೆಗೆ ಒಳಗಾಗುತ್ತದೆಂಬುದು ತಿಳಿಯದಿರುವಾಗ ಬಿಳಿಯನ್ನು ಸ್ಪಷ್ಟವಾಗಿ ಹೇಳಿ ಉಳಿಸುವುದೇ ಕ್ಷೇಮ.

6. ಮುದ್ರಣದಲ್ಲಿ ಆಗುವ ಬದಲಾವಣೆ

ಒಂದೇ ಶಾಯಿಯಲ್ಲಿ ಅಚ್ಚಾಗುವ ಪತ್ರಿಕೆಯಲ್ಲಿ ಬೂದುಬಣ್ಣವೆಂಬುದಿಲ್ಲ. ಕಪ್ಪು ಶಾಯಿಯ ಸಣ್ಣ ಚುಕ್ಕೆಗಳನ್ನು ಹರಡಿ ಬೂದಿನ ಭ್ರಮೆಯನ್ನು ಉಂಟುಮಾಡಲಾಗುತ್ತದೆ. ಬೂದುಹಿನ್ನೆಲೆಯ ಆಲೇಖ ಮುದ್ರಣದಲ್ಲಿ ಚುಕ್ಕೆಗಳ ಹಾಸಾಗುತ್ತದೆ. ಅದರ ಮೇಲಿನ ತೆಳುಗೆರೆಗಳು ತುಂಡುತುಂಡಾಗುತ್ತವೆ. ಕನ್ನಡ ಲಿಪಿಗೆ ಇದರ ಪೆಟ್ಟು ಹೆಚ್ಚು. ಒತ್ತಕ್ಷರಗಳು ಮೂಲಾಕ್ಷರಕ್ಕಿಂತ ಚಿಕ್ಕವು. ಅಕ್ಷದ ಅಂಚಿನ ಕಿರಿಗಾತ್ರದಲ್ಲಿ, ಚುಕ್ಕೆಗಳ ನಡುವೆ, ಒಂದು ಒತ್ತನ್ನು ಇನ್ನೊಂದರಿಂದ ಬೇರ್ಪಡಿಸುವುದು ಕಷ್ಟ. ಅಲ್ಲಿಂದ ಮುಂದೆ ಜೆರಾಕ್ಸ್ ಪ್ರತಿಯಾದಾಗ ಚುಕ್ಕೆಗಳು ಕೂಡಿಕೊಂಡು ಮಸಿಯ ಕಲೆಯಾಗುತ್ತವೆ.

ಬಣ್ಣ ಕಳೆದುಕೊಂಡಾಗ ರೇಖೆಗಳೂ ಒಂದಾಗಬಹುದು. ದೂರದರ್ಶನ ತಂತ್ರಜ್ಞಾನದಿಂದ ಬಂದು ಅನೇಕ ತಂತ್ರಾಂಶಗಳಲ್ಲಿ ಬಳಕೆಯಲ್ಲಿರುವ ಸೂತ್ರವೊಂದರ ಪ್ರಕಾರ, 0ಯಿಂದ 255ರವರೆಗಿನ ಮಾಪನದಲ್ಲಿ ಅಚ್ಚ ಕೆಂಪು 76ರ ಬೂದಾಗುತ್ತದೆ. 128ರ ತೀವ್ರತೆಯ ಹಸಿರು 75ರ ಬೂದಾಗುತ್ತದೆ. ಪರದೆಯ ಮೇಲೆ ಪರಸ್ಪರ ವಿರುದ್ಧವಾಗಿ ಕಂಡ ಎರಡು ರೇಖೆಗಳು ಪುಟದಲ್ಲಿ ಅವಳಿಗಳಾಗುತ್ತವೆ. ಪಕಾರ ಹಕಾರಗಳ ನಿದರ್ಶನದಲ್ಲಿ ಎರಡು ಪ್ರದೇಶಗಳನ್ನು ಹೀಗೆ ತೋರಿಸಿದ್ದರೆ, ಯಾವುದು ಮುಂದು ಯಾವುದು ಹಿಂದು ಎಂಬುದನ್ನು ಲೇಖಕರ ಮಾತಿನ ಮೇಲೆ ನಂಬಬೇಕೇ ಹೊರತು ಆಲೇಖದಿಂದ ಪರೀಕ್ಷಿಸಲಾಗದು. ಏಕವರ್ಣ ಮುದ್ರಣಕ್ಕೆ ಬಿಳಿಯ ಹಿನ್ನೆಲೆ, ಕಪ್ಪು ಅಕ್ಷಗಳು, ಅಖಂಡ ಹಾಗೂ ತುಂಡುರೇಖೆಗಳ ಭೇದ, ಬಿಂದುಗಳಿಗೆ ಭಿನ್ನ ಆಕೃತಿ ಇವೇ ನಂಬಲರ್ಹವಾದ ಸಾಧನಗಳು.

7. ಅರ್ಥವುಳ್ಳ ಹಿನ್ನೆಲೆ

ಹಿನ್ನೆಲೆಬಣ್ಣ ಯಾವಾಗಲೂ ನಿರರ್ಥಕವೆಂದು ಇದರಿಂದ ತೀರ್ಮಾನಿಸಬೇಕಾಗಿಲ್ಲ. ವಿಲಿಯಂ ಪ್ಲೇಫೇರ್ ಅವರು 1786ರಲ್ಲಿ ಪ್ರಕಟಿಸಿದ ವ್ಯಾಪಾರದ ಆಲೇಖಗಳಲ್ಲಿ ಆಮದಿನ ರೇಖೆಗೂ ರಫ್ತಿನ ರೇಖೆಗೂ ನಡುವಣ ಜಾಗವೇ ವ್ಯಾಪಾರದ ಲಾಭನಷ್ಟವನ್ನು ಹೇಳುತ್ತಿತ್ತು. ಅಲ್ಲಿ ತುಂಬಿದ ಜಾಗವೂ ದತ್ತಾಂಶವೇ. ಇದೇ ರೀತಿಯಲ್ಲಿ ಕಾಲಾನುಕ್ರಮದ ಆಲೇಖದಲ್ಲಿ ಒಂದು ಕಾಲಘಟ್ಟವನ್ನು ತೆಳುಪಟ್ಟಿಯಿಂದ ಗುರುತಿಸಬಹುದು. ಗ್ನುಪ್ಲಾಟ್‌ನಲ್ಲಿ ಆಯತದ ಅಡ್ಡಳತೆಯನ್ನು ‘ಫಸ್ಟ್’ ಪದ್ಧತಿಯಲ್ಲಿ, ಅಂದರೆ ಅಕ್ಷದ ವರ್ಷಗಳಲ್ಲಿಯೇ, 1100ರಿಂದ 1200 ಎಂದೂ ಎತ್ತರವನ್ನು ‘ಗ್ರಾಫ್’ ಪದ್ಧತಿಯಲ್ಲಿ 0ಯಿಂದ 1 ಎಂದೂ ಕೊಟ್ಟರೆ ವಚನಗಳ ಶತಮಾನ ಆಲೇಖದ ಹಿಂದೆ ಪಟ್ಟಿಯಾಗಿ ಮೂಡುತ್ತದೆ.

ಆದರೆ ಇಂತಹ ಪಟ್ಟಿ ಮೌನವಾಗಿ ಒಂದು ವಾದವನ್ನೂ ಮಂಡಿಸುತ್ತದೆ. ರೇಖೆ ಏರುವ ಜಾಗದಲ್ಲಿ ಬಣ್ಣವನ್ನು ಕಂಡ ಓದುಗರು, ಆ ಶತಮಾನದ ಘಟನೆಗಳೇ ಏರಿಕೆಗೆ ಕಾರಣವೆಂದು ಗ್ರಹಿಸುವುದು ಸಹಜ. ಲೇಖನದ ಬರೆಹದಲ್ಲಿ ಸಮರ್ಥಿಸಲು ಸಿದ್ಧವಿಲ್ಲದ ಸಂಬಂಧವನ್ನು ಬಣ್ಣದ ಮೂಲಕ ಸೂಚಿಸುವುದು ಶಿಸ್ತಿನ ಸಂಶೋಧನೆಗೆ ಒಪ್ಪುವುದಿಲ್ಲ. ಪಟ್ಟಿಯನ್ನು ಬಳಸಿದಾಗ ಅದು ಏನನ್ನು ಸೂಚಿಸುತ್ತದೆ, ಅದರ ಎಲ್ಲೆಗಳನ್ನು ಯಾವ ಆಧಾರದಿಂದ ಹಾಕಲಾಗಿದೆ ಎಂಬುದನ್ನು ಚಿತ್ರದ ಕೆಳಗೆ ಹೇಳಬೇಕಾಗುತ್ತದೆ.

ಗ್ರಂಥಸಂಪಾದನೆಯ ಶಾಸ್ತ್ರವನ್ನು ಬಲ್ಲವರಿಗೆ ಈ ಒಟ್ಟು ಸಮಸ್ಯೆ ಅಪರಿಚಿತವಲ್ಲ. ಒಂದು ಕೃತಿ ಪ್ರತಿಯಿಂದ ಪ್ರತಿಗೆ ಸಾಗುವಾಗ ಲಿಪಿಕಾರನು ತನ್ನ ರೂಢಿಗೆ ತಕ್ಕಂತೆ ಪಾಠವನ್ನು ತಿದ್ದುತ್ತಾನೆ, ತಿದ್ದಿದ್ದೇನೆಂದು ಹೇಳುವುದಿಲ್ಲ. ಆಲೇಖವೂ ಪರದೆಯಿಂದ ಕಡತಕ್ಕೆ, ಕಡತದಿಂದ ಪುಟವಿನ್ಯಾಸಕ್ಕೆ, ಅಲ್ಲಿಂದ ಅಚ್ಚಿಗೆ, ಅಚ್ಚಿನಿಂದ ಜೆರಾಕ್ಸಿಗೆ ಸಾಗುವ ಪಾಠ. ಪ್ರತಿ ಹಂತದಲ್ಲೂ ಒಂದೊಂದು ತಂತ್ರಾಂಶ ತನ್ನ ರೂಢಿಯ ಹಿನ್ನೆಲೆಯನ್ನು ಹೇರಬಲ್ಲದು. ಇದಕ್ಕೆ ಪರಿಹಾರವೂ ಆ ಶಾಸ್ತ್ರದ ವಿವೇಕದಲ್ಲಿಯೇ ಇದೆ. ಹಾಳೆ ಮತ್ತು ಒಳಕ್ಷೇತ್ರ ಎರಡರ ಬಣ್ಣವನ್ನೂ ತಂತ್ರಾಂಶದ ರೂಢಿಗೆ ಬಿಡದೆ ಆದೇಶಮಾಲೆಯಲ್ಲಿಯೇ ಬರೆದಿಡುವುದು, ಬಳಸಿದ ಆವೃತ್ತಿಯನ್ನು ದಾಖಲಿಸುವುದು, ತರಗತಿಗೆ ಒಂದು ಹಾಗೂ ಮುದ್ರಣಕ್ಕೆ ಇನ್ನೊಂದು ಚಿತ್ರವನ್ನು ಒಂದೇ ದತ್ತಾಂಶದಿಂದ ಬೇರೆಬೇರೆಯಾಗಿ ಪಡೆಯುವುದು, ಕೊನೆಯಲ್ಲಿ ಉಳಿಸಿದ ಕಡತವನ್ನು ಕಪ್ಪುಬಿಳುಪಿನಲ್ಲಿ ಅಚ್ಚು ಹಾಕಿಸಿ ಒಮ್ಮೆ ಓದಿನೋಡುವುದು: ಇಷ್ಟನ್ನು ಪಾಲಿಸಿದರೆ, ಶಾಸನಗಳಿಂದ ಶ್ರಮಪಟ್ಟು ಎಣಿಸಿ ತೆಗೆದ ಆಧಾರ ಓದುಗರ ಕಣ್ಣನ್ನು ತಲುಪುವ ಮುನ್ನವೇ ಅಳಿಸಿಹೋಗುವುದನ್ನು ತಡೆಯಬಹುದು.